ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ ಲಿಪಿಕ ವರ್ಗದ ಕಾರ್ಯ: ಅರ್ಜಿಯಿಂದ ಕ್ರಯಪತ್ರದವರೆಗೆ

ಪೀಠಿಕೆ

ನಗರದಲ್ಲಿ ಸ್ವಂತ ನಿವೇಶನ ಅಥವಾ ಮನೆಯನ್ನು ಪಡೆಯಬಯಸುವ ನಾಗರಿಕರು ಪ್ರಾಧಿಕಾರದ ಅಭಿಯಂತರರು ನಿರ್ಮಿಸಿದ ರಸ್ತೆ, ಚರಂಡಿ ಮತ್ತು ಉದ್ಯಾನಗಳನ್ನು ಕಣ್ಣಾರೆ ಕಾಣುತ್ತಾರೆ. ಆದರೆ ಅವರ ಹಕ್ಕನ್ನು ರೂಪಿಸುವ ಕೆಲಸವು ಬಹುಪಾಲು ಕಾಗದದ ಮೇಲೆ, ಕಚೇರಿಯ ಒಳಗೆ ನಡೆಯುತ್ತದೆ. ನಿವೇಶನವು ನೆಲದ ಮೇಲೆ ಇರುತ್ತದೆ. ಅದರ ಮೇಲಿನ ಹಕ್ಕು ಕಡತದಲ್ಲಿ ಇರುತ್ತದೆ. ಆ ಕಡತವನ್ನು ತೆರೆಯುವವರು, ಬೆಳೆಸುವವರು ಮತ್ತು ಕಾಯುವವರು ಲಿಪಿಕ ವರ್ಗದ ನೌಕರರು. ಅವರ ಕಾರ್ಯದ ಸ್ವರೂಪವನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಹಿನ್ನೆಲೆ

1898ರಲ್ಲಿ ಬೆಂಗಳೂರನ್ನು ಕಾಡಿದ ಪ್ಲೇಗ್ ಮಾರಿಯ ನಂತರ ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಯೋಜಿತ ಬಡಾವಣೆಗಳ ಈ ಪರಂಪರೆಯನ್ನು ಮುಂದುವರಿಸಲು 1945ರ ಕಾಯಿದೆಯನ್ವಯ ನಗರ ಸುಧಾರಣಾ ಮಂಡಳಿಯು ಸ್ಥಾಪನೆಯಾಯಿತು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವು ಆ ಮಂಡಳಿಯ ಕಾಲದ ಪ್ರಮುಖ ಬಡಾವಣೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976 ಜಾರಿಗೆ ಬಂದಾಗ ಸುಧಾರಣಾ ಮಂಡಳಿಯ ಆಸ್ತಿ, ಹೊಣೆಗಾರಿಕೆ ಮತ್ತು ದಾಖಲೆಗಳು ಪ್ರಾಧಿಕಾರಕ್ಕೆ ವರ್ಗವಾದವು. ಆದುದರಿಂದ ಇಂದಿಗೂ ಹಳೆಯ ಬಡಾವಣೆಯ ಮನೆಯೊಂದರ ಹಕ್ಕಿನ ಪ್ರಶ್ನೆ ಬಂದಾಗ, ಪ್ರಾಧಿಕಾರವೇ ಹುಟ್ಟುವ ಮೊದಲು ಬರೆದ ಹಾಳೆಗಳನ್ನು ಹುಡುಕಬೇಕಾದ ಸಂದರ್ಭಗಳಿವೆ.

ಲಿಪಿಕ ವರ್ಗದ ಹುದ್ದೆಗಳು

ದ್ವಿತೀಯ ದರ್ಜೆ ಸಹಾಯಕರು, ಪ್ರಥಮ ದರ್ಜೆ ಸಹಾಯಕರು, ಬೆರಳಚ್ಚುಗಾರರು ಮತ್ತು ಶೀಘ್ರಲಿಪಿಗಾರರು ಈ ವರ್ಗದಲ್ಲಿ ಮುಖ್ಯರಾದವರು. ಇವರ ಮೇಲ್ವಿಚಾರಣೆಯನ್ನು ಅಧೀಕ್ಷಕರು ಅಥವಾ ವ್ಯವಸ್ಥಾಪಕರು ನಿರ್ವಹಿಸುತ್ತಾರೆ. ಒಂದು ನಿರ್ದಿಷ್ಟ ಬಡಾವಣೆಯ ಅಥವಾ ವಿಷಯದ ಕಡತಗಳನ್ನು ನೋಡಿಕೊಳ್ಳುವ ಸಹಾಯಕರನ್ನು ವಿಷಯ ನಿರ್ವಾಹಕರು ಎಂದು ಕರೆಯುವುದು ರೂಢಿ. ನಿರ್ಧಾರ ಕೈಗೊಳ್ಳುವ ಅಧಿಕಾರವು ಇವರಿಗೆ ಇರುವುದಿಲ್ಲ. ಆದರೆ ನಿರ್ಧಾರಕ್ಕೆ ಬೇಕಾದ ಸಂಗತಿಗಳು ಪೂರ್ಣವಾಗಿ, ಸರಿಯಾಗಿ ಅಧಿಕಾರಿಯ ಮುಂದೆ ಬರುವುದು ಇವರನ್ನೇ ಅವಲಂಬಿಸಿದೆ.

ಸ್ವೀಕೃತಿ: ದಿನಾಂಕದ ಮಹತ್ವ

ಅರ್ಜಿಯು ಮೊದಲು ಸ್ವೀಕೃತಿ ಶಾಖೆಗೆ ಬರುತ್ತದೆ. ಅಲ್ಲಿ ದಿನಾಂಕದ ಮುದ್ರೆ, ಕ್ರಮಸಂಖ್ಯೆ ಹಾಗೂ ಅಡಕಗಳ ಸಂಖ್ಯೆಯನ್ನು ನಮೂದಿಸಿ ಅರ್ಜಿದಾರರಿಗೆ ಹಿಂಬರಹ ನೀಡಲಾಗುತ್ತದೆ. ಇದು ಯಾಂತ್ರಿಕ ಕೆಲಸವೆಂದು ತೋರಬಹುದು. ಆದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ನಿವೇಶನಗಳ ಹಂಚಿಕೆ) ನಿಯಮಗಳು, 1984ರಂತೆ ಹಂಚಿಕೆಯ ಸಂದರ್ಭದಲ್ಲಿ ಪರಿಗಣಿಸುವ ಅಂಶಗಳಲ್ಲಿ ಅರ್ಜಿದಾರರು ಎಷ್ಟು ವರ್ಷಗಳಿಂದ ಕಾಯುತ್ತಿದ್ದಾರೆ, ಅರ್ಹರಾಗಿದ್ದರೂ ಹಿಂದೆ ನಿವೇಶನ ದೊರೆಯಲಿಲ್ಲವೇ ಎಂಬುದೂ ಒಂದು. ಹತ್ತಾರು ವರ್ಷ ಬಾಡಿಗೆ ಮನೆಯಲ್ಲಿ ಕಳೆದು, ಪ್ರತಿ ಪ್ರಕಟಣೆಗೂ ಅರ್ಜಿ ಹಾಕಿದ ಒಬ್ಬ ಕಾರ್ಮಿಕನ ಪಾಲಿಗೆ ಹಿಂದಿನ ಅರ್ಜಿಗಳ ದಾಖಲೆಯೇ ಆತನ ಜ್ಯೇಷ್ಠತೆ. ಒಂದು ನಮೂದು ತಪ್ಪಿದರೆ ಆತ ಕಾದ ವರ್ಷಗಳು ಲೆಕ್ಕಕ್ಕೆ ಬಾರದೆ ಹೋಗುವ ಅಪಾಯವಿದೆ.

ಕಡತ ಮತ್ತು ಟಿಪ್ಪಣಿ

ಪ್ರತಿಯೊಂದು ಕಡತದಲ್ಲಿ ಎರಡು ಭಾಗಗಳಿರುತ್ತವೆ. ಪತ್ರವ್ಯವಹಾರದ ಭಾಗದಲ್ಲಿ ಬಂದ ಮತ್ತು ಹೋದ ಪತ್ರಗಳು ಪುಟಸಂಖ್ಯೆಯೊಡನೆ ಇರುತ್ತವೆ. ಟಿಪ್ಪಣಿ ಭಾಗದಲ್ಲಿ ವಿಷಯ ನಿರ್ವಾಹಕರು ಪ್ರಕರಣದ ಸಂಗತಿ, ಅನ್ವಯವಾಗುವ ನಿಯಮ ಮತ್ತು ಆದೇಶಕ್ಕೆ ಬೇಕಾದ ಅಂಶವನ್ನು ಕಂಡಿಕೆಗಳಲ್ಲಿ ಬರೆದು ಮಂಡಿಸುತ್ತಾರೆ. ಕರ್ನಾಟಕ ರಾಜಭಾಷಾ ಅಧಿನಿಯಮ, 1963ರ ಆಶಯದಂತೆ ಟಿಪ್ಪಣಿಯು ಕನ್ನಡದಲ್ಲಿರಬೇಕು.

ಉತ್ತಮ ಟಿಪ್ಪಣಿಯ ಲಕ್ಷಣಗಳು ಹೀಗಿವೆ:

1. ಪ್ರತಿಯೊಂದು ಹೇಳಿಕೆಗೂ ಪತ್ರವ್ಯವಹಾರದ ಪುಟಸಂಖ್ಯೆಯ ಉಲ್ಲೇಖವಿರುತ್ತದೆ.
2. ಅರ್ಜಿದಾರರಿಗೆ ಅನುಕೂಲವಾದ ಸಂಗತಿ ಮತ್ತು ಪ್ರತಿಕೂಲವಾದ ಸಂಗತಿ ಎರಡೂ ಇರುತ್ತವೆ.
3. ಕೊರತೆಯಿರುವ ದಾಖಲೆಗಳನ್ನು ಒಮ್ಮೆಲೇ ಪಟ್ಟಿ ಮಾಡಲಾಗಿರುತ್ತದೆ.

ಮೂರನೆಯ ಅಂಶವು ವಿಶೇಷ ಗಮನಕ್ಕೆ ಅರ್ಹವಾದುದು. ಒಂದು ಬಾರಿ ಒಂದು ದಾಖಲೆ, ಮತ್ತೊಂದು ಬಾರಿ ಇನ್ನೊಂದು ದಾಖಲೆ ಎಂದು ಕೇಳಿದರೆ, ದಿನಗೂಲಿಯನ್ನು ಬಿಟ್ಟು ಬರುವ ಅರ್ಜಿದಾರರು ಪ್ರತಿ ಭೇಟಿಗೂ ಒಂದು ದಿನದ ಸಂಪಾದನೆಯನ್ನು ತೆರಬೇಕಾಗುತ್ತದೆ.

ಹಂಚಿಕೆಯ ನಂತರದ ಹಂತಗಳು

ಹಂಚಿಕೆ ಪತ್ರ, ಮೌಲ್ಯ ಪಾವತಿ, ಗುತ್ತಿಗೆ ಸಹಿತ ಮಾರಾಟ ಕರಾರು, ಸ್ವಾಧೀನ ಪತ್ರ, ಖಾತೆ ಮತ್ತು ಕೊನೆಯಲ್ಲಿ ಶುದ್ಧ ಕ್ರಯಪತ್ರ ಎಂಬುದು ಸಾಮಾನ್ಯ ಕ್ರಮ. ಮೂಲೆ ನಿವೇಶನಗಳು ಈ ಹಂಚಿಕೆಗೆ ಒಳಪಡುವುದಿಲ್ಲ. ಅವುಗಳನ್ನು 1984ರ ಪ್ರತ್ಯೇಕ ನಿಯಮಗಳಂತೆ ಹರಾಜಿನ ಮೂಲಕ ವಿಲೇವಾರಿ ಮಾಡಲಾಗುತ್ತದೆ.

ಪ್ರತಿ ಹಂತದಲ್ಲಿಯೂ ನಿವೇಶನದ ಸಂಖ್ಯೆ, ಅಳತೆ ಮತ್ತು ಚಕ್ಕುಬಂದಿಯನ್ನು ಹಿಂದಿನ ದಾಖಲೆಯಿಂದ ಮುಂದಿನ ದಾಖಲೆಗೆ ಇಳಿಸಬೇಕಾಗುತ್ತದೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಪೂರ್ವಕ್ಕೆ ರಸ್ತೆ ಎಂದಿರುವುದು ಪಶ್ಚಿಮಕ್ಕೆ ರಸ್ತೆ ಎಂದಾದರೆ, ನೋಂದಣಿಯಾದ ಮೇಲೆ ತಿದ್ದುಪಡಿ ಪತ್ರವನ್ನು ಮತ್ತೆ ಬರೆದು ನೋಂದಾಯಿಸಬೇಕು. ಸಾಲ ನೀಡುವ ಬ್ಯಾಂಕು ಅಲ್ಲಿಯವರೆಗೆ ಕಾಯುವಂತೆ ಹೇಳಬಹುದು. ಈ ಕಾರಣದಿಂದ ಕರಡನ್ನು ಒಬ್ಬರು ಓದಿ ಮತ್ತೊಬ್ಬರು ಮೂಲದೊಡನೆ ತಾಳೆ ನೋಡುವ ಪದ್ಧತಿ ಗಣಕಯಂತ್ರದ ಕಾಲದಲ್ಲಿಯೂ ಅಗತ್ಯವಾಗಿದೆ.

ಹೆಸರು ಮತ್ತು ವಾರಸುದಾರಿಕೆ

ಲಿಪಿಕ ನೌಕರರಿಗೆ ಹೆಚ್ಚು ತೊಡಕಾಗುವ ವಿಷಯ ಹೆಸರು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ಸೇರುತ್ತವೆ. ಒಂದೇ ವ್ಯಕ್ತಿ ಶಾಲಾ ಪ್ರಮಾಣಪತ್ರದಲ್ಲಿ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ, ಆಧಾರ್ ಚೀಟಿಯಲ್ಲಿ ಮತ್ತೊಂದು ರೀತಿ ಇರುವುದು ಸಾಮಾನ್ಯ. ಮದುವೆಯ ನಂತರ ಹೆಸರು ಬದಲಾದ ಮಹಿಳೆಯರಿಗೆ ಈ ತೊಂದರೆ ಇನ್ನೂ ಹೆಚ್ಚು. ಇಬ್ಬರೂ ಒಬ್ಬರೇ ಎಂಬುದನ್ನು ಪ್ರಮಾಣಪತ್ರದ ಮೂಲಕ ಸ್ಥಾಪಿಸಿ ಕಡತದಲ್ಲಿ ಇರಿಸುವುದು ಮುಂದಿನ ವ್ಯಾಜ್ಯಗಳನ್ನು ತಪ್ಪಿಸುತ್ತದೆ.

ಕ್ರಯಪತ್ರವಾಗುವ ಮೊದಲೇ ಹಂಚಿಕೆದಾರರು ಮೃತರಾದ ಪ್ರಕರಣಗಳಲ್ಲಿ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಪರಿಶೀಲಿಸಬೇಕಾಗುತ್ತದೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರಂತೆ ಉಯಿಲು ಬರೆಯದೆ ಮೃತನಾದ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ಪುತ್ರರು, ಪುತ್ರಿಯರು ಮತ್ತು ತಾಯಿ ಮೊದಲ ವರ್ಗದ ವಾರಸುದಾರರಲ್ಲಿ ಸೇರಿರುತ್ತಾರೆ. ಹೀಗಿದ್ದೂ ಸಲ್ಲಿಕೆಯಾಗುವ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಅಥವಾ ಮೃತನ ವೃದ್ಧ ತಾಯಿಯ ಹೆಸರು ಬಿಟ್ಟುಹೋಗಿರುವುದು ಉಂಟು. ಹಳೆಯ ಅರ್ಜಿಯಲ್ಲಿ ಹಂಚಿಕೆದಾರರೇ ಬರೆದ ಕುಟುಂಬದ ವಿವರವನ್ನು ವಂಶವೃಕ್ಷದೊಡನೆ ಹೋಲಿಸಿ ನೋಡುವ ಸಹಾಯಕರು ಈ ಲೋಪವನ್ನು ಮೊದಲು ಕಾಣಬಲ್ಲವರು. ಕಚೇರಿಗೆ ಎಂದೂ ಬಾರದ ಆ ಮಗಳ ಅಥವಾ ತಾಯಿಯ ಪರವಾಗಿ ಆ ಕ್ಷಣದಲ್ಲಿ ಇರುವುದು ಟಿಪ್ಪಣಿಯ ಒಂದು ಕಂಡಿಕೆ ಮಾತ್ರ.

ದಾಖಲೆ ಕೊಠಡಿ

ಮುಕ್ತಾಯವಾದ ಕಡತಗಳನ್ನು ವರ್ಗೀಕರಿಸಿ ದಾಖಲೆ ಕೊಠಡಿಗೆ ಕಳುಹಿಸಲಾಗುತ್ತದೆ. ಹಕ್ಕಿಗೆ ಸಂಬಂಧಿಸಿದವುಗಳನ್ನು ಶಾಶ್ವತವಾಗಿ ಉಳಿಸಬೇಕು. ಇತರ ಕಡತಗಳನ್ನು ನಿಗದಿತ ಅವಧಿಯ ನಂತರ ಪಟ್ಟಿ ಮಾಡಿ, ಆದೇಶ ಪಡೆದು ನಾಶಪಡಿಸಬಹುದು. ಕಡತವು ಹೊರಗೆ ಹೋದಾಗ ಅದರ ಸ್ಥಳದಲ್ಲಿ ಯಾರು, ಯಾವ ದಿನ ಪಡೆದರು ಎಂಬ ಚೀಟಿಯನ್ನು ಇರಿಸಬೇಕು. ಈ ಸಣ್ಣ ಚೀಟಿಯನ್ನು ಇರಿಸದೆ ಹೋದಾಗ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹವು ಹುಟ್ಟುತ್ತದೆ. ಗೆದ್ದಲು, ತೇವ ಮತ್ತು ಧೂಳು ಕಾಗದದ ಶತ್ರುಗಳೆಂದು ಎಲ್ಲರೂ ಬಲ್ಲರು. ತಪ್ಪು ಕಪಾಟಿನಲ್ಲಿ ಇರಿಸಿದ ಕಡತವೂ ಅಷ್ಟೇ ಮಟ್ಟಿಗೆ ನಷ್ಟವಾದುದೇ.

ಗಣಕೀಕರಣ

ಬೆರಳಚ್ಚು ಯಂತ್ರಗಳ ಸ್ಥಾನದಲ್ಲಿ ಗಣಕಯಂತ್ರಗಳು ಬಂದ ಮೇಲೆ ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ವ್ಯಾಪಕವಾಗಿ ಬಳಕೆಗೆ ಬಂದಿತು. ಯೂನಿಕೋಡ್ ಪೂರ್ವದ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಹಳೆಯ ಪಟ್ಟಿಗಳಲ್ಲಿ ಇಂದಿನ ಯೂನಿಕೋಡ್ ಕೀಲಿಗಳಿಂದ ಹೆಸರನ್ನು ಹುಡುಕಿದರೆ ಅದು ದೊರೆಯುವುದಿಲ್ಲ. ಹೆಸರು ಪಟ್ಟಿಯಲ್ಲಿ ಇಲ್ಲವೆಂದು ಅರ್ಜಿದಾರರಿಗೆ ತಿಳಿಸುವ ಮೊದಲು ಪಟ್ಟಿಯನ್ನು ಪರಿವರ್ತಿಸಿ ಅಥವಾ ಕಣ್ಣಿನಿಂದ ಓದಿ ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಕಾಲಮಿತಿ ಮತ್ತು ಮಾಹಿತಿ ಹಕ್ಕು

ಎರಡು ಕಾನೂನುಗಳು ಲಿಪಿಕ ವರ್ಗದ ಕಾರ್ಯವನ್ನು ಸಾರ್ವಜನಿಕರ ಕಣ್ಣೆದುರಿಗೆ ತಂದಿವೆ. ಮಾಹಿತಿ ಹಕ್ಕು ಅಧಿನಿಯಮ, 2005ರಂತೆ ನಾಗರಿಕರು ಟಿಪ್ಪಣಿ ಹಾಳೆಗಳೂ ಸೇರಿದಂತೆ ಕಡತದ ಪ್ರತಿಗಳನ್ನು ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. ಸಕಾಲ ಎಂದು ಪ್ರಸಿದ್ಧವಾದ, 2011ರ ನಾಗರಿಕ ಸೇವೆಗಳ ಖಾತರಿ ಅಧಿನಿಯಮವು 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದಿತು. ಅದರನ್ವಯ ಅಧಿಸೂಚಿತ ಸೇವೆಗಳಿಗೆ ಸಲ್ಲಿಸಿದ ಅರ್ಜಿಗೆ ಸಂಖ್ಯೆಯೊಂದನ್ನು ನೀಡಿ, ನಿಗದಿತ ದಿನಗಳೊಳಗೆ ವಿಲೇವಾರಿ ಮಾಡಬೇಕು. ಅರ್ಜಿಯು ಯಾವ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂಬ ಪ್ರಶ್ನೆಗೆ ಈಗ ದಾಖಲೆಯೇ ಉತ್ತರ ಹೇಳುತ್ತದೆ.

ಸಾರ್ವಜನಿಕರ ಗಮನಕ್ಕೆ

1. ಪ್ರತಿ ಅರ್ಜಿಗೂ ದಿನಾಂಕ ಮತ್ತು ಸಂಖ್ಯೆಯುಳ್ಳ ಹಿಂಬರಹವನ್ನು ಪಡೆಯತಕ್ಕದ್ದು. ಹಳೆಯ ಹಿಂಬರಹಗಳನ್ನು ಎಸೆಯಬಾರದು.
2. ಪತ್ರವ್ಯವಹಾರದಲ್ಲಿ ಬಡಾವಣೆಯ ಹೆಸರು, ನಿವೇಶನ ಸಂಖ್ಯೆ ಮತ್ತು ಹಿಂದಿನ ಪತ್ರದ ಸಂಖ್ಯೆಯನ್ನು ತಪ್ಪದೆ ನಮೂದಿಸುವುದು.
3. ಮೂಲ ದಾಖಲೆಗಳನ್ನು ಪರಿಶೀಲನೆಗೆ ತೋರಿಸಿ, ದೃಢೀಕರಿಸಿದ ನಕಲುಗಳನ್ನು ಮಾತ್ರ ಸಲ್ಲಿಸುವುದು.
4. ಸ್ವಾಧೀನ ಪತ್ರ ಮತ್ತು ಕ್ರಯಪತ್ರವನ್ನು ಪಡೆದ ದಿನವೇ ಹೆಸರು, ಅಳತೆ ಮತ್ತು ಚಕ್ಕುಬಂದಿಯನ್ನು ಓದಿ ನೋಡುವುದು. ದೋಷವನ್ನು ಬೇಗ ತಿಳಿಸಿದಷ್ಟೂ ತಿದ್ದುಪಡಿ ಸುಲಭ.
5. ವಿಳಾಸ ಬದಲಾದಲ್ಲಿ ಲಿಖಿತವಾಗಿ ತಿಳಿಸುವುದು. ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋದ ಹಂಚಿಕೆ ಪತ್ರವು ಮರಳಿ ಬಂದಲ್ಲಿ ಪಾವತಿಯ ಗಡುವು ಮೀರುವ ಸಂಭವವಿದೆ.
6. ಯಾವುದೇ ಕೆಲಸಕ್ಕೂ ಮಧ್ಯವರ್ತಿಗಳನ್ನು ಆಶ್ರಯಿಸದೆ ನೇರವಾಗಿ ಸಂಬಂಧಪಟ್ಟ ಶಾಖೆಯನ್ನು ಸಂಪರ್ಕಿಸುವುದು.

ಮೇಲ್ಕಂಡ ಕ್ರಮಗಳನ್ನು ಅನುಸರಿಸಿ, ದಾಖಲೆಗಳು ಶುದ್ಧವಾಗಿ ಉಳಿಯಲು ಹಾಗೂ ಅರ್ಹರಿಗೆ ಅವರ ಹಕ್ಕು ವಿಳಂಬವಿಲ್ಲದೆ ದೊರೆಯಲು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.