ಹುಬ್ಬಳ್ಳಿ–ಮಂಗಳೂರು: ವಿಮಾನ ದೂರ ಮತ್ತು ಪ್ರಯಾಣದ ಸಮಯ

ಹುಬ್ಬಳ್ಳಿ ಮತ್ತು ಮಂಗಳೂರು (ಬಜ್ಪೆ) ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 267 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಲೆಕ್ಕದಲ್ಲಿ 32 ನಿಮಿಷ ಸಾಕು. ಆದರೆ ಏರುವುದು, ಇಳಿಯುವುದು ಸೇರಿ 50 ನಿಮಿಷದಿಂದ 1 ಗಂಟೆ ಹಿಡಿಯುತ್ತದೆ. ನೇರ ವಿಮಾನ ಇಲ್ಲದಿದ್ದರೆ ಬೆಂಗಳೂರಿನಲ್ಲಿ ವಿಮಾನ ಬದಲಾಯಿಸಬೇಕು. ಆಗ ಅರ್ಧ ದಿನವೇ ಬೇಕಾಗುತ್ತದೆ.

ಬಜ್ಪೆಯಿಂದ ಮೂಡುಬಿದಿರೆಗೆ ರಸ್ತೆಯಲ್ಲಿ ಸುಮಾರು 1 ಗಂಟೆ. ಅಲ್ಲಿಂದ ಕಾರ್ಕಳ, ವೇಣೂರು ತಲಾ ಸುಮಾರು 20 ಕಿ.ಮೀ.

ರಾತ್ರಿ ಭೋಜನ ತ್ಯಾಗದ ನಿಯಮವಿರುವ ಹಿರಿಯರು ಜೊತೆಗಿದ್ದರೆ ಸಂಜೆಯ ವಿಮಾನ ಬೇಡ. ನಿಲ್ದಾಣಕ್ಕೆ 2 ಗಂಟೆ ಮುಂಚೆ ತಲುಪುವುದು, ಹಾರಾಟ, ಸಾಮಾನು ಪಡೆಯುವುದು, ರಸ್ತೆ ಸೇರಿ ಒಟ್ಟು 5 ಗಂಟೆ ಹಿಡಿದುಕೊಂಡು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವಂತೆ ಟಿಕೆಟ್ ಮಾಡಿಸಬೇಕು.