ಚಿಲಕ ಹಾಕಿದ್ದಿರಾ?

ರಾತ್ರಿ ಮಲಗುವ ಮೊದಲು, “ಬಾಗಿಲಿಗೆ ಚಿಲಕ ಹಾಕಿದ್ದಾಯಿತೇ?” ಎಂದು ಮನೆಯವರನ್ನು ನೀವು ಕೇಳುವುದುಂಟಷ್ಟೆ. ಅದು ಅಕ್ಕರೆಯ ಮಾತು. ಕಳವಾದ ಮರುದಿನ ಪೊಲೀಸಿನವನು ಇದನ್ನೇ ಕೇಳಿದಾಗ ಮಾತ್ರ ತಪ್ಪು ನಿಮ್ಮದೇ ಎಂಬಂತೆ ಕೇಳಿಸುತ್ತದೆ. (ಕೇಳುವುದು ಅವನ ಕೆಲಸವೂ ಹೌದೆನ್ನಿ.)

ಈ ಭೇದ ನಮ್ಮ ಮಂಗಳೂರಿನಲ್ಲಿ ಪರೀಕ್ಷೆಗೆ ಬಂದದ್ದು 2009ರ ಜನವರಿ 24ರಂದು. ನಗರದ ಪಬ್ಬೊಂದಕ್ಕೆ ಗುಂಪೊಂದು ಹಾಡುಹಗಲೇ ನುಗ್ಗಿ ಅಲ್ಲಿದ್ದ ಹೆಣ್ಣುಮಕ್ಕಳನ್ನು ಹೊಡೆಯಿತು. ಓಡಿದವರನ್ನು ಅಟ್ಟಿಸಿಕೊಂಡು ಹೋಯಿತು. ದೇಶವೆಲ್ಲ ಅದನ್ನು ದೂರದರ್ಶನದಲ್ಲಿ ನೋಡಿತು. ವಿಚಾರಿಸಲು ಬಂದ ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆ ನಿರ್ಮಲಾ ವೆಂಕಟೇಶ್ ಅವರು ಪಬ್ಬಿನಲ್ಲಿ ಭದ್ರತೆ ಸಾಲದೆಂದು ದೂರಿದರು. ಕಾವಲಿರಬೇಕಿತ್ತೆಂಬುದು ಸುಳ್ಳಲ್ಲ. ಆದರೆ ಹೊಡೆದವರ ಮಾತು ಮೊದಲು ಬರಬೇಕಿತ್ತು. ಕೇಂದ್ರದ ಮಂತ್ರಿಣಿ ರೇಣುಕಾ ಚೌಧರಿಯವರು ಆ ವರದಿಯನ್ನು ಒಪ್ಪಲಿಲ್ಲ.

ನಮ್ಮ ಜಗಲಿಗಳಲ್ಲಿ ಕೇಳಿಬಂದದ್ದಾದರೂ ಏನು? “ಅವರು ಅಲ್ಲಿಗೇಕೆ ಹೋಗಬೇಕಿತ್ತು?”

ಇಂಥ ಪ್ರಶ್ನೆಗೆ ಒಂದು ಕಾಲದಲ್ಲಿ ಕಾನೂನಿನ ಆಸರೆಯೇ ಇತ್ತು. 1872ರ ಸಾಕ್ಷ್ಯ ಅಧಿನಿಯಮದ 155ನೆಯ ಕಲಮಿನಲ್ಲೊಂದು ಉಪವಿಧಿ. ಅತ್ಯಾಚಾರದ ಮೊಕದ್ದಮೆಯಲ್ಲಿ ದೂರು ಕೊಟ್ಟವಳ ನಡತೆಯನ್ನೇ ಕೆದಕಲು ಅದು ಅವಕಾಶ ಕೊಟ್ಟಿತ್ತು. ಅದನ್ನು ಕಿತ್ತುಹಾಕಿದ್ದು 2003ರಲ್ಲಿ, ನೂರ ಮೂವತ್ತು ವರ್ಷಗಳ ಮೇಲೆ. ಜಗಲಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅದನ್ನು ಎದುರಿಸಿ ಕಟಕಟೆ ಹತ್ತಲು ನಿಮ್ಮ ಮಗಳಿಗೆ ನೀವು ಹೇಳುತ್ತಿದ್ದಿರಾ?

ಪಬ್ಬಿನ ಮೊಕದ್ದಮೆಯ ತೀರ್ಪು ಬಂದದ್ದು 2018ರ ಮಾರ್ಚಿಯಲ್ಲಿ. ಸಾಕ್ಷ್ಯ ಸಾಲದೆಂದು ಮಂಗಳೂರಿನ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು.