ಉಳಿದಿದ್ದು ತಿಂದೆ

ಹೋದ ವರ್ಷ ಯುಗಾದಿ ಕಳೆದ ಮೇಲೆ ನನಗೂ ಅಮ್ಮನಿಗೂ ಒಂದೇ ದಿನ ರಕ್ತ ಪರೀಕ್ಷೆ ಆಯಿತು. ನಾನು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೆ. ಅಮ್ಮನ ಹಿಮೋಗ್ಲೋಬಿನ್ 8.4 ಇತ್ತು. ಡಾಕ್ಟರು ಅಮ್ಮನಿಗೆ ಇನ್ನೂ ಕೆಲವು ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಇಬ್ಬರಿಗೂ ಸೇರಿಸಿ ಒಂದು ಮನೆಗೆಲಸ ಕೊಟ್ಟರು: ಎರಡು ವಾರ ಏನು ತಿಂದಿರಿ, ಎಷ್ಟು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಎಲ್ಲ ಬರೆದುಕೊಂಡು ಬನ್ನಿ.

ನಾನು ದಾರಿಯಲ್ಲೇ ಒಂದು ನೋಟ್‌ಬುಕ್ ಕೊಂಡೆ. ಪ್ರತಿ ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ನನ್ನ ಹೆಸರು, ಬಲಗಡೆ ಅಮ್ಮನ ಹೆಸರು ಬರೆದೆ. ನನ್ನ ಕಡೆ ಮೊದಲ ದಿನವೇ ತುಂಬಿಹೋಯಿತು. ಇಡ್ಲಿ ನಾಲ್ಕು, ಚಟ್ನಿ, ಕಾಫಿ, ಆಫೀಸಿನಲ್ಲಿ ಮತ್ತೊಂದು ಕಾಫಿ, ಹೀಗೆ. ರಾತ್ರಿ ಅಮ್ಮನನ್ನು ಕೇಳಿದೆ.

"ಮಧ್ಯಾಹ್ನ ಏನ್ ತಿಂದೆ ಅಮ್ಮ?"

"ಉಳಿದಿದ್ದು ತಿಂದೆ ಕಣೋ."

"ಉಳಿದಿದ್ದು ಅಂದ್ರೆ ಎಷ್ಟು?"

"ಎಷ್ಟು ಅಂದ್ರೆ? ಉಳಿದಷ್ಟು."

ಪೆನ್ನು ಹಿಡಿದು ಕೂತವನಿಗೆ ಏನು ಬರೆಯಬೇಕು ಅಂತ ತೋಚಲಿಲ್ಲ. ಡಾಕ್ಟರು ಹೇಳಿದ ಲೆಕ್ಕದಲ್ಲಿ 'ಉಳಿದಷ್ಟು' ಅನ್ನೋ ಅಳತೆ ಇರಲಿಲ್ಲ. ತಿಂದದ್ದನ್ನು ಬರೆದಿಡುವ ಈ ಪದ್ಧತಿ ಯಾರಿಗೆ, ಯಾಕೆ ಹೊಳೆದಿರಬಹುದು ಅನ್ನೋ ಕುತೂಹಲ ಆ ರಾತ್ರಿ ಹುಟ್ಟಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ.

ಈ ಕೆಲಸದಲ್ಲಿ ಮೊದಲು ಹೆಸರು ಮಾಡಿದವನು ಇಟಲಿಯ ವೈದ್ಯ ಸ್ಯಾಂಟೋರಿಯೊ. ಪಡುವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವನು. ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿ ನೇತುಹಾಕಿ ಅದರಲ್ಲಿ ಕೂತೇ ಊಟ ಮಾಡುತ್ತಿದ್ದ. ತಿಂದದ್ದು, ಕುಡಿದದ್ದು, ದೇಹದಿಂದ ಹೊರಗೆ ಹೋದದ್ದು ಎಲ್ಲವನ್ನೂ ತೂಗಿ ಬರೆಯುತ್ತಿದ್ದ. ಮೂವತ್ತು ವರ್ಷ ಈ ಕೆಲಸ ಮಾಡಿದೆ ಅಂತ ಅವನೇ ಹೇಳಿಕೊಂಡಿದ್ದಾನೆ. 1614ರಲ್ಲಿ ವೆನಿಸ್‌ನಲ್ಲಿ ಅವನ ಪುಸ್ತಕ ಅಚ್ಚಾಯಿತು. ದಿನಕ್ಕೆ ಎಂಟು ಪೌಂಡ್ ಆಹಾರ, ಪಾನೀಯ ಒಳಗೆ ಹೋದರೆ ಅದರಲ್ಲಿ ಐದು ಪೌಂಡಿನಷ್ಟು ಕಣ್ಣಿಗೆ ಕಾಣದ ಬೆವರಾಗಿ ಹೋಗುತ್ತದೆ ಅನ್ನೋದು ಅವನ ಲೆಕ್ಕ. ಆ ಕುರ್ಚಿಯಲ್ಲಿ ಇನ್ನೊಂದು ಚಮತ್ಕಾರವೂ ಇತ್ತು. ಗೊತ್ತು ಮಾಡಿಕೊಂಡಷ್ಟು ತಿಂದ ಕೂಡಲೇ ಅದು ಕೆಳಗಿಳಿದು 'ಇನ್ನು ಸಾಕು' ಅಂತ ಸೂಚನೆ ಕೊಡುತ್ತಿತ್ತು. ನಮ್ಮ ಮದುವೆ ಮನೆಗಳ ಎರಡನೇ ಸುತ್ತಿನ ಹೋಳಿಗೆ ಹೊತ್ತಿಗೆ ಅಂಥ ಕುರ್ಚಿಗಳು ಎಷ್ಟು ಉಪಕಾರ ಮಾಡ್ತಿದ್ದವೋ ನೋಡಿ.

ಸ್ಯಾಂಟೋರಿಯೊಗೆ ಬೇಕಿದ್ದದ್ದು ದೇಹದ ಗುಟ್ಟು. ತೂಕ ಇಳಿಸೋದಕ್ಕೆ ಲೆಕ್ಕ ಇಟ್ಟು ಊರಿಗೆಲ್ಲ ಸುದ್ದಿಯಾದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ದೊಡ್ಡ ಮನೆತನಗಳ ಶವಸಂಸ್ಕಾರಕ್ಕೆ ವ್ಯವಸ್ಥೆ ಮಾಡಿಕೊಡೋದು ಅವನ ಕಸುಬು. 65ರ ಆಸುಪಾಸಿನಲ್ಲಿ 202 ಪೌಂಡ್ ಇದ್ದ, ಅಂದರೆ ಸುಮಾರು 92 ಕಿಲೋ. ಬಗ್ಗಿ ಬೂಟಿನ ದಾರ ಕಟ್ಟಲು ಆಗುತ್ತಿರಲಿಲ್ಲ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಿತ್ತು. ವೈದ್ಯ ವಿಲಿಯಂ ಹಾರ್ವೆ ಅವನಿಗೆ ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿಸಿದ. ವರ್ಷ ತುಂಬುವ ಹೊತ್ತಿಗೆ 46 ಪೌಂಡ್ ಇಳಿದಿತ್ತು. ಯಾವ ಹೊತ್ತಿಗೆ ಎಷ್ಟು ಔನ್ಸ್ ಏನು ತಿಂದೆ ಅನ್ನೋದನ್ನೆಲ್ಲ ಬರೆದು 1863ರಲ್ಲಿ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದ. ಸ್ವೀಡನ್ನಿನ ಭಾಷೆಯಲ್ಲಿ ತೂಕ ಇಳಿಸುವ ಪಥ್ಯಕ್ಕೆ ಇವತ್ತಿಗೂ 'ಬಾಂಟಾ' ಅಂತಾರೆ. ಅದು ಇವನ ಹೆಸರಿನಿಂದಲೇ ಬಂದದ್ದು.

ಇನ್ನು ಕ್ಯಾಲೊರಿ. ಅಮೆರಿಕದ ವಿಲ್ಬರ್ ಅಟ್‌ವಾಟರ್ 1890ರ ದಶಕದಲ್ಲಿ ಮನುಷ್ಯರನ್ನು ಗಾಳಿಯಾಡದ ಕೋಣೆಯಲ್ಲಿ ಕೂರಿಸಿ ಅವರ ಮೈಯಿಂದ ಎಷ್ಟು ಶಾಖ ಹೊರಡುತ್ತದೆ ಅಂತ ಅಳೆದ. ಒಂದು ಗ್ರಾಂ ಪಿಷ್ಟಕ್ಕೆ ನಾಲ್ಕು, ಪ್ರೋಟೀನಿಗೆ ನಾಲ್ಕು, ಕೊಬ್ಬಿಗೆ ಒಂಬತ್ತು ಕ್ಯಾಲೊರಿ ಅಂತ ಇವತ್ತು ಬಿಸ್ಕತ್ ಪೊಟ್ಟಣದ ಹಿಂದೆ ಲೆಕ್ಕ ಹಾಕೋದು ಅವನು ಹಾಕಿಕೊಟ್ಟ ದಾರಿಯಲ್ಲೇ. 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಈ ಲೆಕ್ಕವನ್ನು ಜನಸಾಮಾನ್ಯರ ಕೈಗೆ ಕೊಟ್ಟಳು. ಒಂದು ಚೂರು ಬ್ರೆಡ್ ಅನ್ನೋ ಬದಲು ನೂರು ಕ್ಯಾಲೊರಿ ಬ್ರೆಡ್ ಅಂತ ಹೇಳಿ ರೂಢಿ ಮಾಡಿಕೊಳ್ಳಿ ಅನ್ನೋದು ಅವಳ ಪಾಠ. ಇವತ್ತಿನ ಮೊಬೈಲ್ ಆ್ಯಪ್‌ಗಳು ಮಾಡುತ್ತಿರೋದೂ ಅದನ್ನೇ.

ಇಷ್ಟು ಓದಿದ ಮೇಲೆ ಒಂದು ಗಮನಕ್ಕೆ ಬಂತು. ಇವರೆಲ್ಲ ತಮ್ಮ ತಟ್ಟೆಯ ಮುಂದೆ ಕೂತು, ತಮಗೆ ಬೇಕಾದಷ್ಟು ಬಡಿಸಿಕೊಳ್ಳಬಲ್ಲವರು. ಅವರ ಚಿಂತೆ ಜಾಸ್ತಿಯಾದದ್ದರ ಬಗ್ಗೆ. ಅಮ್ಮನ ಕಾಲಂ ತುಂಬಿಸೋದಕ್ಕೆ ಅವರ ಅನುಭವ ಉಪಯೋಗಕ್ಕೆ ಬರಲಿಲ್ಲ. ಅದಕ್ಕೆ ನಾನು ನಮ್ಮ ಪಕ್ಕದ ಕೂನೂರಿಗೇ ಬರಬೇಕಾಯಿತು.

ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯ ಬೆರಿಬೆರಿ ರೋಗದ ಸಂಶೋಧನೆ ಶುರು ಮಾಡಿದ. ಮುಂದೆ ಅದೇ ಆಹಾರ ಸಂಶೋಧನಾಲಯವಾಗಿ ಬೆಳೆಯಿತು. ಅವನ ಒಂದು ಪ್ರಯೋಗ ಬಹಳ ಹೆಸರಾಯಿತು. ಇಲಿಗಳನ್ನು ಏಳು ಗುಂಪು ಮಾಡಿ, ದೇಶದ ಬೇರೆ ಬೇರೆ ಜನ ಉಣ್ಣುವಂಥ ಊಟವನ್ನು ಒಂದೊಂದು ಗುಂಪಿಗೆ ಹಾಕಿದ. ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಇಡೀ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಆ ಊಟದಲ್ಲಿತ್ತು. ಪಾಲಿಷ್ ಅಕ್ಕಿಯೇ ಹೆಚ್ಚಿದ್ದ ಮದರಾಸಿನ ಊಟದವು ಕೊನೆಗೆ. ಕನ್ನಡಿಗರ ಊಟ ಅಂತಲೂ ಒಂದು ಗುಂಪಿತ್ತು. ಏಳರಲ್ಲಿ ನಮ್ಮ ಇಲಿಗಳಿಗೆ ಐದನೇ ಸ್ಥಾನ! ಓದಿ ಸ್ವಲ್ಪ ಬೇಜಾರಾಯಿತು ಅನ್ನಿ. ಆದರೆ ಕನ್ನಡಿಗರ ಊಟ ಅಂದರೆ ಒಂದೇನಾ? ಕರಾವಳಿಯ ಕುಚ್ಚಲಕ್ಕಿ ಗಂಜಿ, ಹಳೇ ಮೈಸೂರಿನ ಮುದ್ದೆ, ಉತ್ತರ ಕರ್ನಾಟಕದ ಜೋಳದ ರೊಟ್ಟಿ ಎಲ್ಲವನ್ನೂ ಒಂದೇ ಬೋನಿಗೆ ಹಾಕೋಕಾಗುತ್ತಾ?

1935ರಲ್ಲಿ ಅವನ ಜಾಗಕ್ಕೆ ಬಂದ ಡಬ್ಲ್ಯು. ಆರ್. ಆಯ್ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕತೆಯ ಕೋಷ್ಟಕ ಹೊರತಂದ. ನಮ್ಮ ಕಾಳು, ಸೊಪ್ಪು, ಗೆಡ್ಡೆಗಳಿಗೆಲ್ಲ ಅಂಕಿ ಸಿಕ್ಕಿತು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರು ಕೋಷ್ಟಕವನ್ನು ಹಿಗ್ಗಿಸಿದರು. 2017ರಲ್ಲಿ 528 ಆಹಾರಗಳ ಹೊಸ ಕೋಷ್ಟಕ ಬಂತು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಯೂ ಅಕ್ಕಿಯೂ ಯಾರು ಹೆಚ್ಚು ಅಂತ ಜಗಳಕ್ಕೆ ಬೀಳುತ್ತವಲ್ಲ, ಕ್ಯಾಲ್ಸಿಯಂ ವಿಷಯದಲ್ಲಿ ಅದರ ತೀರ್ಪು ಈ ಕೋಷ್ಟಕದಲ್ಲೂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು.

ಆದರೆ ಯಾವ ಮನೆಯಲ್ಲಿ ಯಾರು ಎಷ್ಟು ತಿಂತಾರೆ? ಅದನ್ನು ತಿಳಿಯೋದಕ್ಕೆ ಮನೆಮನೆಗೆ ಹೋಗಿ, ಅಂದು ಬೇಯಿಸುವ ಅಕ್ಕಿ, ಬೇಳೆ, ತರಕಾರಿಗಳನ್ನು ತೂಗುತ್ತಿದ್ದರು. ಒಟ್ಟು ತೂಕವನ್ನು ಮನೆಯ 'ಯೂನಿಟ್'ಗಳಿಂದ ಭಾಗಿಸುತ್ತಿದ್ದರು. ವಯಸ್ಕ ಗಂಡಸು ಅಂದರೆ 1, ಹೆಂಗಸು ಅಂದರೆ ಸುಮಾರು 0.8, ಮಕ್ಕಳಿಗೆ ವಯಸ್ಸಿನ ಪ್ರಕಾರ ಇನ್ನೂ ಕಮ್ಮಿ. ದೇಹದ ಅಗತ್ಯ ನೋಡಿ ಮಾಡಿದ ಲೆಕ್ಕ ಅದು, ತಪ್ಪೇನಿಲ್ಲ. ಆದರೆ ಬೆಂದದ್ದು ಅಷ್ಟೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಯಿತು ಅಂತ ಲೆಕ್ಕ ನಂಬಿಕೊಳ್ಳುತ್ತದೆ. ನಮ್ಮ ಮನೆಗೆ ಬಂದು ಯಾರಾದರೂ ಹಾಗೆ ತೂಗಿದ್ದರೆ ಎಲ್ಲರಿಗೂ ಬೇಕಾದಷ್ಟು ಸೊಪ್ಪು, ಕಾಳು ಇದೆ ಅಂತಲೇ ಬರೆದುಕೊಂಡು ಹೋಗುತ್ತಿದ್ದರು. ಪಾತ್ರೆಯಲ್ಲಿ ಇತ್ತು, ನಿಜ. ಅಮ್ಮ ಕೂರುವ ಹೊತ್ತಿಗೆ ಎಷ್ಟಿತ್ತು ಅನ್ನೋದು ತಕ್ಕಡಿಗೆ ಗೊತ್ತಾಗೋದಿಲ್ಲ.

ಈ ಕೊರತೆ ತಜ್ಞರಿಗೂ ತಿಳಿದಿತ್ತು. 1972ರಲ್ಲಿ ಶುರುವಾದ ನ್ಯಾಷನಲ್ ನ್ಯೂಟ್ರಿಷನ್ ಮಾನಿಟರಿಂಗ್ ಬ್ಯೂರೋದವರು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳಿಗೆ ಹೋದರು. ಅಳತೆಯ ಬಟ್ಟಲುಗಳನ್ನು ಮುಂದಿಟ್ಟು, ನಿನ್ನೆ ಬೆಳಗಿನಿಂದ ನೀವು ಏನು ತಿಂದಿರಿ, ಯಾವ ಬಟ್ಟಲಿನಲ್ಲಿ ಎಷ್ಟು ಅಂತ ಒಬ್ಬೊಬ್ಬರನ್ನೇ ಕೇಳುವ ಕ್ರಮ ಅವರದು. 'ನಿಮ್ಮ ಮನೆಯಲ್ಲಿ ಏನು ಅಡುಗೆ' ಅನ್ನೋದಕ್ಕೂ 'ನೀವು ಏನು ತಿಂದಿರಿ' ಅನ್ನೋದಕ್ಕೂ ಎಷ್ಟು ದೂರ ಅನ್ನೋದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಆಯ್ಕ್ರಾಯ್ಡ್‌ನ ಬದುಕಿನ ಇನ್ನೊಂದು ಸಂಗತಿ ಹೇಳಲೇಬೇಕು. 1943ರ ಬಂಗಾಳದ ಕ್ಷಾಮದ ವಿಚಾರಣೆಗೆ ನೇಮಿಸಿದ ಆಯೋಗದಲ್ಲಿ ಅವನೂ ಸದಸ್ಯ. ಸತ್ತವರು ಸುಮಾರು 15 ಲಕ್ಷ ಅಂತ ಆಯೋಗ ಬರೆಯಿತು. ಹಳ್ಳಿಗಳಿಂದ ಬಂದ ಸಾವಿನ ದಾಖಲೆಯನ್ನು ನೆಚ್ಚಿಕೊಂಡ ಆ ಅಂದಾಜು ಬಹಳ ಕಮ್ಮಿಯಾಯಿತು ಅಂತ ಎಷ್ಟೋ ವರ್ಷದ ಮೇಲೆ ಅವನೇ ಒಪ್ಪಿಕೊಂಡ. ದಾರಿ ಬದಿಯಲ್ಲಿ ಸತ್ತವರ ಹೆಸರನ್ನು ಯಾರು ಬರೆಸ್ತಾರೆ? ದೇಶದ ಕ್ಷಾಮವನ್ನು ನಮ್ಮ ಅಡುಗೆಮನೆಗೆ ಹೋಲಿಸೋದು ದೊಡ್ಡ ಮಾತು, ಗೊತ್ತು. ಆದರೂ ಬಲಗಡೆಯ ಖಾಲಿ ಕಾಲಂ ನೋಡಿದಾಗಲೆಲ್ಲ ಅದು ನೆನಪಾಗುತ್ತಿತ್ತು.

ಸರಿ, ನಮ್ಮ ನೋಟ್‌ಬುಕ್ಕಿಗೆ ಬರೋಣ. ಮೂರನೇ ದಿನದಿಂದ ಕ್ರಮ ಬದಲಾಯಿಸಿದೆ. ರಾತ್ರಿ ನೆನಪು ಮಾಡಿಕೊಂಡು ಬರೆಯೋದು ಬಿಟ್ಟು ತಿಂದ ಕೂಡಲೇ ಬರೆಯೋದು. ಗ್ರಾಂ ಗೊಡವೆ ಬೇಡ, ನಮ್ಮನೆಯ ಸೌಟು, ಲೋಟ, ಬಟ್ಟಲುಗಳೇ ಅಳತೆ. ಒಂದೇ ಒಂದು ಸಲ ಅವುಗಳಲ್ಲಿ ಎಷ್ಟು ಹಿಡಿಯುತ್ತೆ ಅಂತ ತೂಗಿ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟೆ. ಕಾಫಿ, ನಿಂತುಕೊಂಡು ಬಾಯಿಗೆ ಹಾಕಿಕೊಂಡ ಚಕ್ಕುಲಿ, ಎಲ್ಲಾನೂ ಲೆಕ್ಕಕ್ಕೆ. ಅಮ್ಮ ಉಣ್ಣುವಾಗ ಮನೆಯಲ್ಲಿ ಯಾರಿರುತ್ತಾರೋ ಅವರು ಬರೆಯೋದು.

ನನ್ನ ಮೊದಲೆರಡು ದಿನದ ಲೆಕ್ಕ ಸುಳ್ಳು ಅಂತ ಆಗ ಗೊತ್ತಾಯಿತು. ನಾನೊಬ್ಬನೇ ಹಾಗಲ್ಲ ಬಿಡಿ. 1992ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯಲ್ಲ ಅಂತಿದ್ದವರನ್ನು ಪರೀಕ್ಷಿಸಿದಾಗ ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಮ್ಮಿ ಬರೆದಿದ್ದರು. ಬೇಕಂತ ಸುಳ್ಳು ಹೇಳಿದ್ದಲ್ಲ, ತಿಂದದ್ದು ಮರೆತುಹೋಗುತ್ತೆ. ಬರೆದರೆ ಪ್ರಯೋಜನ ಇದೆ ಅನ್ನೋದಕ್ಕೂ ಆಧಾರ ಇದೆ. 2008ರಲ್ಲಿ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ದಿನವೂ ಬರೆದವರು ಏನೂ ಬರೆಯದವರ ಸುಮಾರು ಎರಡರಷ್ಟು ತೂಕ ಇಳಿಸಿದ್ದರು.

ಎರಡು ವಾರದ ಕೊನೆಗೆ ಅಮ್ಮನ ಕಾಲಂ ಹೇಳಿದ್ದು ಇದು. ಮಧ್ಯಾಹ್ನದ ಊಟ ಹೆಚ್ಚಿನ ದಿನ ಮೂರು ಗಂಟೆಯ ಮೇಲೆ. ಹದಿನಾಲ್ಕು ದಿನದಲ್ಲಿ ಒಂಬತ್ತು ದಿನ ಪಲ್ಯದ ಜಾಗದಲ್ಲಿ ಅಡ್ಡಗೆರೆ. ಬಸ್ಸಾರು ಮಾಡಿದ ದಿನವೂ ಅವಳಿಗೆ ಸಿಕ್ಕಿದ್ದು ಸಾರು ಮಾತ್ರ, ಸೊಪ್ಪು, ಕಾಳು ನಮ್ಮ ತಟ್ಟೆಗೆ ಬಂದಿತ್ತು. ಊಟವಾದ ತಕ್ಷಣ ಕಾಫಿ. ಒಂದೇ ಒಲೆಯ ಅಡುಗೆ ತಿಂದು ನಾನು ಸಕ್ಕರೆ ಏರಿಸಿಕೊಂಡಿದ್ದೆ, ಅವಳ ರಕ್ತ ಇಳಿದಿತ್ತು. ನಲವತ್ತೈದು ವರ್ಷ ಅವಳ ಕೈಯ ಅಡುಗೆ ಉಂಡವನು ನಾನು. ಅವಳ ತಟ್ಟೆ ನೋಡೋದಕ್ಕೆ ಡಾಕ್ಟರ ಚೀಟಿ ಬೇಕಾಯಿತು.

ಡಾಕ್ಟರು ಎರಡೂ ಕಾಲಂ ಓದಿದರು. ಬೇರೆ ಪರೀಕ್ಷೆಗಳಲ್ಲಿ ರಕ್ತಸ್ರಾವ ಅಂಥದ್ದೇನೂ ಕಾಣದ್ದರಿಂದ ಕಬ್ಬಿಣದಂಶದ ಮಾತ್ರೆ ಕೊಟ್ಟರು. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ, ಸೊಪ್ಪು ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತೆ ಅಂದರು. "ನಿಮ್ಮಮ್ಮ ಒಬ್ಬರೇ ಅಲ್ಲ ಕಣ್ರೀ" ಅಂತಲೂ ಹೇಳಿದರು. ಮನೆಗೆ ಬಂದು ನೋಡಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ.

ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ನನ್ನ ಇಡ್ಲಿ ನಾಲ್ಕರಿಂದ ಎರಡಕ್ಕೆ ಇಳಿದು ಪಕ್ಕದಲ್ಲಿ ಹೆಸರುಕಾಳಿನ ಉಸ್ಲಿ ಬಂತು. ಹನ್ನೊಂದು ಗಂಟೆಯ ಬಿಸ್ಕತ್ ಹೋಗಿ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಬಂತು, ಅಮ್ಮನಿಗೂ ಒಂದು ಲೋಟ. ಅಡುಗೆ ಆದ ಕೂಡಲೇ, ಯಾರಿಗೂ ಬಡಿಸುವ ಮೊದಲು, ಅಮ್ಮನ ಪಾಲಿನ ಪಲ್ಯ ಒಂದು ಡಬ್ಬಿಯಲ್ಲಿ ತೆಗೆದಿಡೋದು. ಈ ಡಬ್ಬಿಯ ವಿಷಯಕ್ಕೆ ಒಂದು ವಾರ ಜಗಳವಾಯಿತು. "ಮನೆಯೋರಿಗೆ ಹಾಕೋಕ್ ಮುಂಚೆ ನಂದು ತೆಗೆದಿಟ್ಕೊಳ್ಳೋದಾ? ಯಾರಾದ್ರೂ ನೋಡಿದ್ರೆ ಏನ್ ಅಂದ್ಕೊತಾರೆ" ಅಂತ ಅಮ್ಮ. ಕೊನೆಗೆ ನನ್ನ ಹೆಂಡತಿ ತನ್ನದೂ ಒಂದು ಡಬ್ಬಿ ಪಕ್ಕದಲ್ಲಿಟ್ಟಳು. ಆಗ ನನಗೆ ಇನ್ನೊಂದು ಹೊಳೆಯಿತು. ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ ಹಾಕಿದ್ದೆ. ಮೂರನೆಯದು ಎಳೆದೆ.

ನಾಲ್ಕು ತಿಂಗಳ ಮೇಲೆ ಅಮ್ಮನ ಹಿಮೋಗ್ಲೋಬಿನ್ 10.9 ಬಂತು. ಮಾತ್ರೆಯ ಪಾಲೆಷ್ಟು, ಡಬ್ಬಿಯ ಪಾಲೆಷ್ಟು ನಾನು ಹೇಳಲಾರೆ. ಈಗ ಅವಳ ಕಾಲಂ ನಾನು ಬರೆಯಬೇಕಿಲ್ಲ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಬರೆಯುತ್ತಿದ್ದ ಅದೇ ಗುಂಡು ಅಕ್ಷರದಲ್ಲಿ ಅವಳೇ ಬರೆಯುತ್ತಾಳೆ. ನಿನ್ನೆಯದು ಹೀಗಿದೆ: ಮಧ್ಯಾಹ್ನ 1.30. ಮುದ್ದೆ 1. ದಂಟಿನ ಸೊಪ್ಪು 2 ಸೌಟು, ನಿಂಬೆಹಣ್ಣು. ಕಾಫಿ ಆಮೇಲೆ.